ಕಣ್ಣಿಗೆ ಹಬ್ಬ, ಕಥೆಗೆ ಬರ

ತೆಲಂಗಾಣ, ಮಹಾರಾಷ್ಟ್ರಗಳಿಗೆ ಅಂಟಿಕೊಂಡ ಬೀದರ್ ಜಿಲ್ಲೆಯಲ್ಲಿ ಕನ್ನಡ ಚಿತ್ರಕ್ಕೆ ತೆಲುಗು, ಹಿಂದಿ ಚಿತ್ರಗಳ ಪೈಪೋಟಿ ತಪ್ಪಿದ್ದಲ್ಲ. ಭಾಲ್ಕಿ, ಔರಾದಗಳಲ್ಲಿ ಮರಾಠಿಯೂ ಮನೆಬಾಗಿಲಿನ ಭಾಷೆಯೇ. ಅಂಥ ಗಡಿನಾಡಿನ ಕನ್ನಡಿಗರಿಗೆ, 2022ರ ಏಪ್ರಿಲ್ 14ರಂದು ಐದು ಭಾಷೆಗಳಲ್ಲಿ ತೆರೆಕಂಡ ಪ್ರಶಾಂತ್ ನೀಲ್ ಅವರ ‘ಕೆಜಿಎಫ್ ಚಾಪ್ಟರ್ 2’ ಹೆಮ್ಮೆಯ ಸಂಗತಿಯೇ.

ಭುವನ್ ಗೌಡರ ಕ್ಯಾಮೆರಾ ಕಪ್ಪು, ಕಂದು, ಬೂದು ಬಣ್ಣಗಳಲ್ಲೇ ಒಂದು ಲೋಕ ಕಟ್ಟಿತು. ಪೊಲೀಸ್ ಠಾಣೆಯ ಮೇಲೆ ಗುಂಡಿನ ಮಳೆಗರೆದ ನಾಯಕ ರಾಕಿ, ಕೆಂಪಗೆ ಕಾದ ಮಷಿನ್ ಗನ್ನಿನ ನಳಿಗೆಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ಮಾತೇ ಇಲ್ಲದೆ ಪಾತ್ರದ ಸೊಕ್ಕೆಲ್ಲ ಆ ಒಂದು ದೃಶ್ಯದಲ್ಲಿದೆ.

ಆದರೆ ಕಥೆ?

2018ರ ಮೊದಲ ಭಾಗಕ್ಕೆ ಗಟ್ಟಿ ಎಳೆಯಿತ್ತು: ತಾಯಿಗೆ ಕೊಟ್ಟ ಮಾತು, ಖಳನಾಯಕ ಗರುಡನನ್ನು ಮುಗಿಸುವ ಗುರಿ, ಗಣಿಯಲ್ಲಿ ನಲುಗಿದ ಕೂಲಿಗಳ ಗೋಳು. ಎರಡನೆಯದರಲ್ಲಿ ಆ ಕೂಲಿಗಳು ಬಹುಪಾಲು ಜೈಕಾರ ಹಾಕುವ ಗುಂಪಾದರು. ಸಂಜಯ್ ದತ್ ಅವರ ಖಳನಾಯಕ ಅಧೀರನಿಗೆ ವೇಷಕ್ಕಿದ್ದ ತೂಕ ಬರವಣಿಗೆಯಲ್ಲಿ ಸಿಗಲಿಲ್ಲ. ಶ್ರೀನಿಧಿ ಶೆಟ್ಟಿಯವರ ರೀನಾಳ ಸಾವು ನಾಯಕನ ಸಿಟ್ಟಿಗೆ ತುಪ್ಪ ಸುರಿಯಲಷ್ಟೇ ಬಂತು. ರವೀನಾ ಟಂಡನ್ ಅವರ ಪ್ರಧಾನಿ ರಮಿಕಾ ಸೇನ್ ಒಬ್ಬಳೇ ರಾಕಿಗೆ ಸರಿಸಮಳಾಗಿ ನಿಂತಳು.

ಗಳಿಕೆ 1000 ಕೋಟಿ ರೂಪಾಯಿ ದಾಟಿದ್ದು ನಿಜ. ಕಥೆ ಹೇಳುವುದರಲ್ಲಿ ಮಾತ್ರ ಮೊದಲ ಭಾಗವೇ ಮೇಲು.