ಕರಿಗಲ್ಲು, ಬಿಳಿಹಕ್ಕಿ ಮತ್ತು ಬೆಳಕಿನ ಅಳತೆ

ಅಂಬರನಾಥದ ಶಿವಾಲಯದ ಹೊರಗೋಡೆಯ ಶಿಲ್ಪವೊಂದನ್ನು ಚೌಕಟ್ಟಿನ ತುಂಬ ಹಿಡಿದು ಕ್ಯಾಮೆರಾದ ಗುಂಡಿಯನ್ನೊತ್ತಿದರೆ ಕರಿಗಲ್ಲು ಬೂದಿ ಬಳಿದಂತೆ ಮೂಡುತ್ತದೆ. ಹಿಂದೆ ಸರಿದು ಮೇಲಿನ ಆಕಾಶವನ್ನೂ ಸೇರಿಸಿಕೊಂಡರೆ ಅದೇ ಶಿಲ್ಪ ಮಸಿಯ ಮುದ್ದೆಯಾಗುತ್ತದೆ. ಕಲ್ಲು ಅದೇ, ಬಿಸಿಲು ಅದೇ, ಯಂತ್ರವೂ ಅದೇ. ಈ ವ್ಯತ್ಯಾಸದ ಕಾರಣವನ್ನು ಅರಿತವನು ಛಾಯಾಗ್ರಹಣದ ಮೊದಲ ಪಾಠವನ್ನು ಅರಿತಂತೆಯೇ ಸರಿ.

ಕಲ್ಯಾಣದಿಂದ ರೈಲಿನಲ್ಲಿ ಮೂರನೆಯ ನಿಲ್ದಾಣವಾದ ಅಂಬರನಾಥದ ಈ ಗುಡಿ ಶಿಲಾಹಾರರ ಕಾಲದ್ದು. ಅಲ್ಲಿಯ ಶಾಸನದ ಕಾಲ ಶಕವರ್ಷ 982, ಎಂದರೆ ಕ್ರಿ. ಶ. 1060. ಶ್ರೀಸ್ಥಾನಕವೆಂಬ ಹೆಸರಿನ ಥಾಣೆಯಿಂದ ಆಳಿದ ಈ ಅರಸುಮನೆತನದವರು ಮೊದಲಲ್ಲಿ ರಾಷ್ಟ್ರಕೂಟರ ಸಾಮಂತರು. ಅಮೋಘವರ್ಷನ ಹೆಸರು ಸಮೀಪದ ಕನ್ಹೇರಿಯ ಗುಹಾಶಾಸನಗಳಲ್ಲಿ ಉಂಟು. ಆದಕಾರಣ ಕನ್ನಡದ ಸಂಶೋಧಕನಿಗೆ ಇಲ್ಲಿಯ ಕಲ್ಲು ಪರಕೀಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮುಂಬಯಿ ಸರಕಾರ ಈ ಗುಡಿಯ ನಕ್ಷೆ, ಅಚ್ಚು, ಛಾಯಾಚಿತ್ರಗಳನ್ನು ಮಾಡಿಸಿತ್ತು. ಮಳೆಗಾಳಿಗೆ ಸವೆಯುತ್ತಿರುವ ಶಿಲ್ಪದ ವಿವರ ಮುಂದಿನವರಿಗೆ ಉಳಿಯುವುದು ಇಂತಹ ಚಿತ್ರಗಳಿಂದಲೇ. ಬೂದಿಯಾದ ಚಿತ್ರವೂ ಮಸಿಯಾದ ಚಿತ್ರವೂ ಸಾಕ್ಷ್ಯ ನುಡಿಯಲಾರವು.

ಬೆಳಕನ್ನು ಹತೋಟಿಯಲ್ಲಿಡುವ ಸಾಧನಗಳು ಮೂರು. ಲೆನ್ಸಿನ ರಂಧ್ರ ಮೊದಲನೆಯದು. ಅದರ ಮೇಲಿನ ಅಂಕಿಗಳು 2, 2.8, 4, 5.6, 8, 11, 16 ಎಂದು ವಿಚಿತ್ರವಾಗಿ ಏರುತ್ತವೆ. ಆದರೆ ಇದರಲ್ಲಿ ಗಣಿತವುಂಟು. ರಂಧ್ರದ ವಿಸ್ತೀರ್ಣ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಬೆಳಕು ಅರ್ಧವಾಗಬೇಕಾದರೆ ಅಂಕಿ ಎರಡರ ವರ್ಗಮೂಲದಷ್ಟು, ಅಂದರೆ ಸುಮಾರು 1.4 ಪಟ್ಟು, ಏರಬೇಕು. ಷಟರು ತೆರೆದಿರುವ ಕಾಲ ಎರಡನೆಯದು: ಸೆಕೆಂಡಿನ 125ನೆಯ ಒಂದು ಭಾಗಕ್ಕಿಂತ 250ನೆಯ ಒಂದು ಭಾಗದಲ್ಲಿ ಅರ್ಧ ಬೆಳಕು. ಮೂರನೆಯದಾದ ಐಎಸ್‌ಒ ಗ್ರಾಹಕದ ಸೂಕ್ಷ್ಮತೆಯನ್ನು ಸೂಚಿಸುತ್ತದೆ. ಇಮ್ಮಡಿಯ ಅಥವಾ ಅರ್ಧದ ಪ್ರತಿಯೊಂದು ಮೆಟ್ಟಿಲಿಗೂ ಸ್ಟಾಪು ಎಂದು ಹೆಸರು. ನೆತ್ತಿಯ ಬಿಸಿಲಿನಲ್ಲಿ ರಂಧ್ರ 16, ಐಎಸ್‌ಒ 100 ಇದ್ದರೆ ಷಟರು ಸುಮಾರು 100ನೆಯ ಒಂದು ಭಾಗ ಎಂಬ ಹಳೆಯ ಸೂತ್ರ ಇಂದಿಗೂ ಸುಳ್ಳಾಗಿಲ್ಲ.

ಇನ್ನು ಬೂದಿಯ ರಹಸ್ಯ. ಕ್ಯಾಮೆರಾದೊಳಗಿನ ಮೀಟರು ಬೆಳಕನ್ನು ಅಳೆಯಬಲ್ಲುದೇ ಹೊರತು ಎದುರಿಗಿರುವುದು ಕರಿಯದೋ ಬಿಳಿಯದೋ ಎಂದು ತಾನಾಗಿ ತಿಳಿಯಲಾರದು. ದೃಶ್ಯವನ್ನೆಲ್ಲ ಸರಾಸರಿ ಮಾಡಿದರೆ ಮಧ್ಯಮ ಬೂದುಬಣ್ಣ ಬರುವುದೆಂದು ಅದರ ಊಹೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 18ರಷ್ಟನ್ನು ಹಿಂದಿರುಗಿಸುವ ಬೂದು ಫಲಕ ಇದಕ್ಕೆ ವಾಡಿಕೆಯ ಒರೆಗಲ್ಲು. ಆದುದರಿಂದ ಕರಿಗೋಡೆಗೆ ಅದು ಹೆಚ್ಚು ಬೆಳಕು ಕೊಡುತ್ತದೆ. ಆಕಾಶ ಸೇರಿದೊಡನೆ ಬೆಳಕನ್ನು ಕಡಿತಗೊಳಿಸುತ್ತದೆ. ಗೋಡೆಯನ್ನೇ ಹಿಡಿಯುವಾಗ ಮೀಟರಿನ ಲೆಕ್ಕಕ್ಕಿಂತ ಒಂದು ಸ್ಟಾಪು ಕಡಿಮೆ ಮಾಡಿದರೆ ಕಲ್ಲು ಕಲ್ಲಿನ ಬಣ್ಣಕ್ಕೆ ಬರುತ್ತದೆ. ಹೊಸ ಯಂತ್ರಗಳು ಮುಖವನ್ನೂ ಆಕಾಶವನ್ನೂ ಗುರುತಿಸಿ ಊಹೆಯನ್ನು ತಿದ್ದಿಕೊಳ್ಳುತ್ತವೆ, ನಿಜ. ಆದರೂ ಅದು ಊಹೆಯೇ.

ಇದಕ್ಕೆ ವಿರುದ್ಧವಾದ ಪಾಠಶಾಲೆ ಥಾಣೆಯ ಖಾಡಿ. ಡೊಂಬಿವಲಿಯಲ್ಲಿರುವವನು ರಜೆಯ ಒಂದು ಬೆಳಗಿನಲ್ಲಿ ನವಿ ಮುಂಬಯಿಯ ಐರೋಲಿಗೆ ಹೋಗಿಬರಬಹುದು. 2015ರಲ್ಲಿ ಅಭಯಾರಣ್ಯವೆಂದು ಘೋಷಿತವಾಗಿ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಖಾಡಿಗೆ, ಮರಾಠಿಯಲ್ಲಿ ರೋಹಿತವೆನ್ನುವ ಫ್ಲೆಮಿಂಗೊ ಹಕ್ಕಿಗಳು ಚಳಿಗಾಲದಿಂದ ಬೇಸಗೆಯವರೆಗೆ ಸಾವಿರಾರು ಸಂಖ್ಯೆಯಲ್ಲಿ ಬಂದು ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ಮೇಯುತ್ತವೆ. ಬಿಳಿಹಕ್ಕಿಗೆ ಒಂದು ಸ್ಟಾಪು ಹೆಚ್ಚು ಕೊಡಬೇಕೆಂದು ಪುಸ್ತಕ ಓದಿದವನು ಹೊರಡುತ್ತಾನೆ. ಹಕ್ಕಿ ಚೌಕಟ್ಟನ್ನು ತುಂಬಿದ್ದರೆ ಅದು ಸರಿ. ಆದರೆ ದೂರದ ಹಕ್ಕಿ ಚುಕ್ಕೆಯಷ್ಟಿದ್ದು ಸುತ್ತಲೂ ಕಪ್ಪುಕೆಸರಿದ್ದರೆ ಮೀಟರು ಓದುವುದು ಕೆಸರನ್ನು. ಆಗ ಕಡಿಮೆಯೇ ಮಾಡಬೇಕು, ಇಲ್ಲವಾದರೆ ರೆಕ್ಕೆಯ ಗರಿಗಳೆಲ್ಲ ಸುಣ್ಣದಂತೆ ಒಂದಾಗುತ್ತವೆ. ಸೂತ್ರ ಇಲ್ಲಿ ಸಾಲದು. ಮೀಟರಿನ ಮುಂದೆ ಏನಿದೆಯೆಂಬುದನ್ನು ಕಣ್ಣೇ ನೋಡಬೇಕು.

ತಪ್ಪಿದರೆ ಕ್ಷಮಿಸುವವರಾರು ಎಂಬಲ್ಲಿಯೇ ಫಿಲ್ಮಿಗೂ ಡಿಜಿಟಲ್ಲಿಗೂ ನಿಜವಾದ ಭೇದ. ಫಿಲ್ಮಿನ ಜೆಲಟಿನ್ ಲೇಪದಲ್ಲಿರುವ ಬೆಳ್ಳಿಯ ಲವಣದ ಹರಳುಗಳು ಬೆಳಕು ತಾಗಿದೆಡೆ ಡೆವಲಪರಿನಲ್ಲಿ ಬೆಳ್ಳಿಯಾಗಿ ಕಪ್ಪಾಗುತ್ತವೆ. ಉಳಿದವನ್ನು ಹೈಪೊ ಕರಗಿಸುತ್ತದೆ. ನೆಗೆಟಿವಿನಲ್ಲಿ ಹೆಚ್ಚಾದ ಬೆಳಕು ಮೆಲ್ಲಮೆಲ್ಲನೆ ದಟ್ಟವಾಗುವುದಲ್ಲದೆ ಒಮ್ಮೆಗೇ ನಾಶವಾಗದು. ಕಡಿಮೆಯಾದರೆ ಮಾತ್ರ ನೆರಳಿನ ಭಾಗ ಬರಿದಾಗಿ ಉಳಿಯುತ್ತದೆ. ಡಿಜಿಟಲ್ ಗ್ರಾಹಕದ ಪ್ರತಿಯೊಂದು ಕಣವೂ ಎಲೆಕ್ಟ್ರಾನುಗಳನ್ನು ತುಂಬಿಕೊಳ್ಳುವ ಒಂದು ಕೊಡ. ಕೊಡ ತುಂಬಿದ ಮೇಲೆ ಬಿದ್ದದ್ದು ಲೆಕ್ಕಕ್ಕಿಲ್ಲ. ಅಲ್ಲಿ ಶುದ್ಧ ಬಿಳುಪು, ವಿವರ ಶೂನ್ಯ. ನೆರಳನ್ನಾದರೆ ಕೊಂಚ ಒರಟಾದರೂ ಮೇಲೆತ್ತಬಹುದು, ವಿಶೇಷವಾಗಿ ಕಚ್ಚಾಕಡತವಾದ ‘ರಾ’ ರೂಪದಲ್ಲಿ ತೆಗೆದಿದ್ದರೆ. ಹೀಗಾಗಿ ನೆಗೆಟಿವ್ ಫಿಲ್ಮು ಹಾಕಿದವನು ನೆರಳನ್ನು ಕಾಯಬೇಕು, ಡಿಜಿಟಲ್ ಹಿಡಿದವನು ಬಿಳುಪನ್ನು ಕಾಯಬೇಕು. ಸ್ಲೈಡು ಫಿಲ್ಮು ಈ ವಿಷಯದಲ್ಲಿ ಡಿಜಿಟಲ್ಲಿನ ಪಕ್ಷ.

ಸವೆದ ಅಕ್ಷರಗಳಿಗೆ ಅಳತೆ ಸರಿಯಾದರೂ ಸಾಲದು. ಬೆಳಕಿನ ದಿಕ್ಕು ಮುಖ್ಯ. ಎದುರಿನಿಂದ ಮಿಂಚುದೀಪ ಹಾರಿಸಿದರೆ ಕೊರೆತದ ನೆರಳೇ ಅಳಿದುಹೋಗುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಕಲ್ಲಿನ ಮೈಯನ್ನು ಸವರುವಾಗ, ಅದು ಒದಗದೆಡೆ ದೀಪವನ್ನು ಪಕ್ಕಕ್ಕೆ ಹಿಡಿದು, ಬೇರೆಬೇರೆ ದಿಕ್ಕುಗಳಿಂದ ನಾಲ್ಕಾರು ಚಿತ್ರಗಳನ್ನು ತೆಗೆಯುವುದು ಲೇಸು. ಒಂದರಲ್ಲಿ ಅಡಗಿದ ಗೆರೆ ಇನ್ನೊಂದರಲ್ಲಿ ಕಾಣಬಹುದು. ರಂಧ್ರ, ಷಟರು, ವೇಳೆ ಇವುಗಳನ್ನು ಡಿಜಿಟಲ್ ಕಡತ ತಾನೇ ಬರೆದುಕೊಳ್ಳುತ್ತದೆ. ಫಿಲ್ಮಿನವನಿಗೆ ಟಿಪ್ಪಣಿಪುಸ್ತಕವೇ ಗತಿ. ಆದರೆ ಚಿತ್ರ ಗುಡಿಯ ಯಾವ ಮಗ್ಗುಲಿನದು, ಬೆಳಕು ಎಡದಿಂದಲೋ ಬಲದಿಂದಲೋ ಎಂಬುದನ್ನು ಇಬ್ಬರೂ ಅಲ್ಲಿಯೇ ಕೈಯಿಂದ ಬರೆದಿಡತಕ್ಕದ್ದು.