ಕಾರು ಹತ್ತಿದರೆ ತಲೆನೋವೇ? ಸೈಲೆನ್ಸರ್ ಪ್ಯಾಕಿಂಗ್ ನೋಡಿಸಿ

ಬೇಸಿಗೆಯ ಒಂದು ಬೆಳಿಗ್ಗೆ ಕಕ್ಕೇರಾದ ಕುಟುಂಬವೊಂದು ಹಳೆಯ ಕಾರಿನಲ್ಲಿ ಕಲಬುರಗಿಯ ಆಸ್ಪತ್ರೆಗೆ ಹೊರಟಿದೆ ಎಂದುಕೊಳ್ಳಿ. ಹೊರಗೆ ಧೂಳು, ಬಿಸಿಗಾಳಿ. ಗಾಜುಗಳೆಲ್ಲ ಮುಚ್ಚಿವೆ. ಸುರಪುರ ದಾಟುವಷ್ಟರಲ್ಲಿ ಅಜ್ಜಿಗೆ ತಲೆನೋವು, ಶಹಾಪುರ ಬರುವ ಹೊತ್ತಿಗೆ ಮಗುವಿಗೆ ವಾಂತಿ. ‘ಗಾಡಿ ಆಗಿಬರೂದಿಲ್ಲ’ ಎಂದು ನಿಂಬೆಹಣ್ಣು ಮೂಸಲು ಕೊಡುತ್ತಾರೆ. ಜೇವರ್ಗಿಯಲ್ಲಿ ಚಹಾಕ್ಕೆ ಇಳಿದು ಗಾಳಿಗೆ ಕುಳಿತಾಗ ಎಲ್ಲರಿಗೂ ಕೊಂಚ ಹಗುರ. ಮತ್ತೆ ಕಾರು ಹತ್ತಿದರೆ ಮತ್ತೆ ಅದೇ ತಲೆನೋವು, ಈ ಸಲ ಚಾಲಕನಿಗೂ!

ಇಲ್ಲಿಯೇ ಎಚ್ಚರಗೊಳ್ಳಬೇಕು. ಪ್ರಯಾಣದ ವಾಂತಿ ಸಾಮಾನ್ಯವಾಗಿ ಒಬ್ಬಿಬ್ಬರನ್ನು ಕಾಡುತ್ತದೆ. ಕಾರು ನಡೆಸುವವರಿಗೆ ಅದು ಬರುವುದು ಅಪರೂಪ. ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು, ಮಂಪರು ಬಂದು, ಇಳಿದಾಗ ಕಡಿಮೆಯಾದರೆ ಎಂಜಿನ್ನಿನ ಹೊಗೆ ಕಾರಿನೊಳಗೆ ಸೇರುತ್ತಿದೆಯೆಂದು ಸಂಶಯಿಸಬೇಕು.

ಹೊಗೆ ಒಳಗೆ ಬರುವುದು ಹೇಗೆ?

ಎಂಜಿನ್ನಿನಲ್ಲಿ ಉರಿದ ಹೊಗೆ ಮೊದಲು ‘ಮ್ಯಾನಿಫೋಲ್ಡ್’ ಎಂಬ ಕಬ್ಬಿಣದ ಕೊಳವೆಗಳ ಗುಚ್ಛಕ್ಕೆ ಬಂದು, ಅಲ್ಲಿಂದ ಸೈಲೆನ್ಸರ್ ಮೂಲಕ ಹಿಂದಕ್ಕೆ ಹೋಗುತ್ತದೆ. ಎಂಜಿನ್ನಿಗೂ ಮ್ಯಾನಿಫೋಲ್ಡಿಗೂ ನಡುವೆ ಹೊಗೆ ಸೋರದಂತೆ ತೆಳುವಾದ ಗ್ಯಾಸ್ಕೆಟ್ ಇರುತ್ತದೆ. ನಮ್ಮ ಗ್ಯಾರೇಜಿನವರು ಇದನ್ನು ‘ಪ್ಯಾಕಿಂಗ್’ ಎನ್ನುತ್ತಾರೆ. ದಿನವೂ ಕಾದು ಆರುವುದು, ತಗ್ಗುದಿನ್ನೆಯ ರಸ್ತೆಯ ಕುಲುಕಾಟ, ಸಡಿಲಾದ ನಟ್ಟುಗಳು ಇವೆಲ್ಲವುಗಳಿಂದ ಅದು ಕಾಲಕ್ರಮೇಣ ಸುಟ್ಟು ಬಿರಿಯುತ್ತದೆ. ಸೋರಿದ ಹೊಗೆ ಬಾನೆಟ್ ಕೆಳಗೆ ತುಂಬಿಕೊಂಡು, ಗಾಳಿ ಒಳಬರುವ ದಾರಿಯಿಂದಲೋ ವೈರುಗಳು ಹಾಯ್ದ ತೂತುಗಳಿಂದಲೋ ಕಾರಿನೊಳಗೆ ಸೇರಬಹುದು.

ಹೊಗೆಯಲ್ಲಿ ಅತ್ಯಂತ ಅಪಾಯಕಾರಿಯಾದುದು ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆದಿದ್ದರೂ ಮಿದುಳು, ಹೃದಯಗಳಿಗೆ ಆಮ್ಲಜನಕ ಸಾಲದಾಗುತ್ತದೆ. ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು, ಹೃದ್ರೋಗಿಗಳು ಹಾಗೂ ರಕ್ತಹೀನತೆ ಇರುವವರಿಗೆ ಅಪಾಯ ಹೆಚ್ಚು. ಡೀಸೆಲ್ ಎಂಜಿನ್ನಿಗಿಂತ ಪೆಟ್ರೋಲ್ ಎಂಜಿನ್ನಿನಲ್ಲಿ ಈ ಅನಿಲ ಹೆಚ್ಚು ಉತ್ಪತ್ತಿಯಾಗುತ್ತದೆ.

‘ನಮ್ಮ ಕಾರಿಗೆ ಎಮಿಷನ್ ಟೆಸ್ಟ್ ಆಗಿದೆಯಲ್ಲ’ ಎಂದು ನೀವು ಕೇಳಬಹುದು. ಆ ಪರೀಕ್ಷೆ ಅಳೆಯುವುದು ಸೈಲೆನ್ಸರಿನ ತುದಿಯಲ್ಲಿ ಬರುವ ಹೊಗೆಯನ್ನು. ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದೂ ಮ್ಯಾನಿಫೋಲ್ಡಿನ ಪ್ಯಾಕಿಂಗ್ ದಾಟಿದ ಮೇಲೆ. ಅಲ್ಲಿ ಸೋರುವುದು ಶುದ್ಧಿಯಾಗದ ಹೊಗೆ.

ಸವೆದಿರುವುದನ್ನು ಗುರುತಿಸುವುದು

* ಬೆಳಿಗ್ಗೆ ತಣ್ಣಗಿರುವ ಎಂಜಿನ್ ಶುರುಮಾಡಿದಾಗ ‘ಟಿಕ್ ಟಿಕ್’ ಅಥವಾ ‘ಫಟ್ ಫಟ್’ ಸದ್ದು. ಎಕ್ಸಲರೇಟರ್ ಒತ್ತಿದರೆ ಜೋರಾಗುತ್ತದೆ. ಎಂಜಿನ್ ಕಾದಾಗ ಲೋಹ ಹಿಗ್ಗಿ ಸಂದು ಮುಚ್ಚುವುದರಿಂದ ಸದ್ದು ಅಡಗಬಹುದು. ರೋಗ ವಾಸಿಯಾಯಿತೆಂದು ತಿಳಿಯಬಾರದು.
* ಮ್ಯಾನಿಫೋಲ್ಡ್ ಸೇರುವ ಜಾಗದಲ್ಲಿ ಕಾಡಿಗೆಯಂತಹ ಕಪ್ಪು ಮಸಿ.
* ಕಾರಿನೊಳಗೆ ಸುಟ್ಟ ಪೆಟ್ರೋಲಿನ ಅಥವಾ ಹೊಗೆಯ ವಾಸನೆ.
* ಎಂಜಿನ್ನಿನ ಶಕ್ತಿ, ಮೈಲೇಜು ಕಡಿಮೆಯಾಗುವುದು.

ಸದ್ದು ಕೇಳುವ ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡಬೇಕು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಕ್ಕೇ ಎರವಾದೀತು.

ಬದಲಿಸುವಾಗ

ಈ ಕೆಲಸವನ್ನು ಅನುಭವಿ ಮೆಕ್ಯಾನಿಕ್ಕಿಗೆ ಬಿಡುವುದು ಲೇಸು. ಆದರೂ ಮಾಲೀಕರು ಕೆಲವು ಸಂಗತಿ ತಿಳಿದಿರಬೇಕು. ಎಂಜಿನ್ ಪೂರ್ತಿ ಆರಿರಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೆಲಹೊತ್ತು ಬಿಡಬೇಕು. ಅವಸರದಲ್ಲಿ ತಿರುಗಿಸಿದರೆ ಬೋಲ್ಟು ಮುರಿದು ಕೆಲಸ ಹೆಚ್ಚುತ್ತದೆ. ಹಳೆಯ ಪ್ಯಾಕಿಂಗಿನ ಚೂರುಗಳನ್ನು ಪೂರಾ ತೆಗೆದು, ಮ್ಯಾನಿಫೋಲ್ಡ್ ಸೊಟ್ಟಗಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಸೊಟ್ಟಗಿದ್ದರೆ ಹೊಸ ಪ್ಯಾಕಿಂಗೂ ಬಹುಕಾಲ ಬಾಳದು. ತೆಗೆದ ಪ್ಯಾಕಿಂಗನ್ನು ಮತ್ತೆ ಹಾಕಿಸಬೇಡಿ. ಸಾಮಾನ್ಯವಾಗಿ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಕಂಪನಿ ಹೇಳಿದಷ್ಟೇ ಬಿಗಿಮಾಡಬೇಕು.

ಒಂದು ಎಚ್ಚರಿಕೆ: ಬಹಳ ಹಳೆಯ ವಾಹನಗಳ ಪ್ಯಾಕಿಂಗಿನಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒಣಗಿದ್ದಾಗ ಕೆರೆಯುವುದು, ಗಾಳಿ ಹೊಡೆದು ಊದುವುದು ಬೇಡ. ಗ್ಯಾರೇಜಿನಲ್ಲಿ ದುಡಿಯುವ ಹುಡುಗರಿಗೆ ಈ ಮಾತು ತಿಳಿಸಿ.

ತೊಂದರೆಯಾದರೆ

ಕೂಡಲೇ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಹೊರಗೆ ಬನ್ನಿ. ಎ.ಸಿ. ಈ ಅನಿಲವನ್ನು ಸೋಸುವುದಿಲ್ಲ. ಮೂಗಿಗೆ ಕಟ್ಟಿದ ಬಟ್ಟೆಯೂ ತಡೆಯುವುದಿಲ್ಲ. ಗೊಂದಲ, ಎದೆನೋವು, ಎಚ್ಚರ ತಪ್ಪುವಿಕೆ ಕಂಡರೆ 108ಕ್ಕೆ ಕರೆ ಮಾಡಿ. ಗರ್ಭಿಣಿಯಾದರೆ ತೊಂದರೆ ಅಲ್ಪವಾಗಿದ್ದರೂ ವೈದ್ಯರಿಗೆ ತೋರಿಸಿ. ‘ಕಾರಿನಲ್ಲಿ ಹೊಗೆ ಕುಡಿದಿದ್ದೇವೆ’ ಎಂದು ಸ್ಪಷ್ಟವಾಗಿ ಹೇಳಬೇಕು. ಕೋವಿಡ್ ಕಾಲದಿಂದ ಅನೇಕ ಮನೆಗಳಲ್ಲಿರುವ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷಬಾಧೆಯಲ್ಲಿ ಎಲ್ಲವೂ ಸರಿಯಿರುವಂತೆ ತೋರಿಸಬಹುದು. ಅದನ್ನು ನಂಬಬಾರದು. ಬರಿಯ ಗಾಳಿಯಲ್ಲಿ ರಕ್ತದಲ್ಲಿನ ಈ ಅನಿಲ ಅರ್ಧಕ್ಕೆ ಇಳಿಯಲು 4-5 ತಾಸು ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ತಾಸು ಸಾಕು. ಆಸ್ಪತ್ರೆಗೆ ಬೇಗ ಹೋಗಬೇಕೆನ್ನುವುದು ಇದಕ್ಕಾಗಿಯೇ.

ತಿಂಥಣಿಯ ಜಾತ್ರೆಗೆ ಹೋಗುವಾಗ ಸಾಮಾನು ತುಂಬಿ ಹಿಂದಿನ ಬಾಗಿಲನ್ನು ತೆರೆದೇ ಹಗ್ಗ ಕಟ್ಟುವುದು, ರಾತ್ರಿ ಎ.ಸಿ. ಹಾಕಿಕೊಂಡು ನಿಂತ ಕಾರಿನಲ್ಲಿ ಮಲಗುವುದು, ಇವೆರಡೂ ಬೇಡ. ಪ್ಯಾಕಿಂಗ್ ಚೆನ್ನಾಗಿದ್ದರೂ ಸೈಲೆನ್ಸರಿನ ಹೊಗೆ ಹಿಂದಿನಿಂದ ಒಳಗೆ ನುಗ್ಗಬಹುದು.

ದೂರದ ಪ್ರಯಾಣಕ್ಕೆ ಮುಂಚೆ ಟಯರ್, ಬ್ರೇಕ್ ನೋಡುವ ನಾವು ಎಂಜಿನ್ನಿನ ಸದ್ದಿಗೂ ಒಂದು ನಿಮಿಷ ಕಿವಿಗೊಡೋಣ. ಮುಂದಿನ ಸಲ ಕಾರಿನಲ್ಲಿ ಮಗು ‘ತಲೆ ನೋಯ್ತದ’ ಎಂದರೆ ನಿಂಬೆಹಣ್ಣು ಹುಡುಕುವ ಮೊದಲು ಗಾಡಿ ನಿಲ್ಲಿಸಿ, ಮಗುವನ್ನು ಗಾಳಿಗೆ ಇಳಿಸಿ.