ರಿಪೋರ್ಟ್ ಸರಿ ಇದೆ, ಬದುಕು ಹೇಗಿದೆ?

ನಂಬಿಕೆ: ರಿಪೋರ್ಟ್ ಚೆನ್ನಾಗಿದ್ದರೆ ರೋಗಿಯೂ ಚೆನ್ನಾಗಿದ್ದಾರೆ.

ಸಿಒಪಿಡಿಯನ್ನೇ ನೋಡಿ. ಬೀಡಿ, ಸಿಗರೇಟು ಸೇದುವವರಿಗಷ್ಟೇ ಅಲ್ಲ, ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಹೊಗೆ ಕುಡಿದ ಹೆಂಗಸರಿಗೂ ಬರುವ ಶ್ವಾಸಕೋಶದ ಕಾಯಿಲೆ ಇದು. ಕೊಳವೆಯೊಳಗೆ ಜೋರಾಗಿ ಊದಿಸುವ ಸ್ಪೈರೋಮೆಟ್ರಿ ಪರೀಕ್ಷೆಯಿಂದ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬುದು ತಿಳಿಯುತ್ತದೆ. ರೋಗಪತ್ತೆಗೆ ಅದು ಬೇಕೇ ಬೇಕು. ಆದರೆ ಆ ಅಂಕಿಗೂ ರೋಗಿಯ ದಿನನಿತ್ಯದ ಪಾಡಿಗೂ ಇರುವ ನಂಟು ತೀರಾ ಸಡಿಲ. ಒಂದೇ ಅಂಕಿ ಬಂದ ಇಬ್ಬರಲ್ಲಿ ಒಬ್ಬರು ಸಂತೆಗೆ ಹೋಗಿ ಬರಬಹುದು, ಇನ್ನೊಬ್ಬರು ಸ್ನಾನ ಮುಗಿಸುವಷ್ಟರಲ್ಲಿ ಏದುಸಿರು ಬಿಡುತ್ತಾ ಕೂತುಬಿಡಬಹುದು.

ಈ ಪಾಡನ್ನು ಅಳೆಯಲೆಂದೇ 2009ರಲ್ಲಿ ಕ್ಯಾಟ್ ಎಂಬ ಪ್ರಶ್ನಾವಳಿ ಬಂತು. ಇರುವುದು ಎಂಟೇ ಪ್ರಶ್ನೆ. ಒಂದೊಂದಕ್ಕೂ 0ರಿಂದ 5 ಅಂಕ, ಒಟ್ಟು 40; ಅಂಕ ಏರಿದಷ್ಟೂ ಕಷ್ಟ ಜಾಸ್ತಿ. ಕೆಮ್ಮು, ಕಫ, ಎದೆ ಬಿಗಿತ, ಮೆಟ್ಟಿಲು ಹತ್ತಿದರೆ ಬರುವ ದಮ್ಮು, ಮನೆಗೆಲಸ, ನಿದ್ದೆ, ಮೈಯಲ್ಲಿನ ಕಸುವು ಎಲ್ಲವನ್ನೂ ಅದು ಕೇಳುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇನ್ನುಳಿದ ಪ್ರಶ್ನೆ: ಈ ಕಾಯಿಲೆ ಇಟ್ಟುಕೊಂಡು ಮನೆಯಿಂದ ಹೊರಗೆ ಹೋಗಲು ನಿಮಗೆ ಧೈರ್ಯವಿದೆಯೇ? ದಾರಿಯಲ್ಲಿ ಉಸಿರು ಕಟ್ಟೀತೆಂಬ ಹೆದರಿಕೆಯಿಂದ ಮದುವೆ, ಜಾತ್ರೆ, ಕೊನೆಗೆ ಅಂಗಡಿಗೆ ಹೋಗುವುದನ್ನೂ ಬಿಟ್ಟವರು ಡಾಕ್ಟರ ಮುಂದೆ "ಈಗ ಅಷ್ಟೇನೂ ದಮ್ಮು ಬರಲ್ಲ" ಎನ್ನುತ್ತಾರೆ. ನಡೆಯುವುದನ್ನೇ ನಿಲ್ಲಿಸಿದ ಮೇಲೆ ದಮ್ಮು ಎಲ್ಲಿಂದ ಬರಬೇಕು? ಊದುವ ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ.

ನಂಬಿಕೆ: ರೋಗಿ ಹೇಳುವುದು ಬರೀ ಅನಿಸಿಕೆ, ಅದನ್ನು ಅಳತೆ ಎನ್ನಲಾಗದು.

ಇಂಥ ಪ್ರಶ್ನಾವಳಿಗಳನ್ನು ಮನಬಂದಂತೆ ಬರೆದಿರುವುದಿಲ್ಲ. ಸ್ಥಿತಿ ಬದಲಾಗದವರನ್ನು ಕೆಲವು ದಿನ ಬಿಟ್ಟು ಮತ್ತೆ ಕೇಳಿದರೆ ಹೆಚ್ಚುಕಮ್ಮಿ ಅದೇ ಅಂಕ ಬರುತ್ತದೆಯೇ, ಸುಧಾರಿಸಿದವರ ಅಂಕ ನಿಜಕ್ಕೂ ಬದಲಾಗುತ್ತದೆಯೇ ಎಂದು ಒರೆಗೆ ಹಚ್ಚಿದ ಮೇಲೆಯೇ ಬಳಕೆಗೆ ಬಿಡುತ್ತಾರೆ. ಕ್ಯಾಟ್‌ನಲ್ಲಿ 2 ಅಂಕ ಇಳಿದರೆ ಅದು ರೋಗಿಯ ಅನುಭವಕ್ಕೆ ಬರುವಷ್ಟು ಸುಧಾರಣೆ.

ರೋಗಿಯ ಮಾತಿಗೆ ಕಿವಿಗೊಟ್ಟರೆ ಆಯುಸ್ಸೂ ಹೆಚ್ಚಬಹುದು. ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಕೀಮೋಥೆರಪಿ ಪಡೆಯುತ್ತಿದ್ದ 766 ಮಂದಿಯಲ್ಲಿ ಒಂದು ಗುಂಪು ತಮ್ಮ ನೋವು, ವಾಕರಿಕೆ, ಸುಸ್ತುಗಳನ್ನು ತಾವೇ ಕಂಪ್ಯೂಟರಿನಲ್ಲಿ ದಾಖಲಿಸಿತು. ತೊಂದರೆ ಉಲ್ಬಣಿಸಿದರೆ ನರ್ಸ್‌ಗೆ ಸೂಚನೆ ಹೋಗುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ಗುಂಪಿನಲ್ಲಿ ಅರ್ಧದಷ್ಟು ಜನ 31.2 ತಿಂಗಳಿಗಿಂತ ಹೆಚ್ಚು ಬದುಕಿದ್ದರು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಆ ಅವಧಿ 26 ತಿಂಗಳು. ಹೊಸ ಔಷಧವೊಂದು ಇಷ್ಟು ಮಾಡಿದ್ದರೆ ಎಲ್ಲೆಡೆ ಸುದ್ದಿಯಾಗುತ್ತಿತ್ತು.

ನಂಬಿಕೆ: ಮನೆಯವರು ಉತ್ತರಿಸಿದರೂ ಸಾಕು.

ಓಪಿಡಿಯಲ್ಲಿ ಡಾಕ್ಟರು "ಹೇಗಿದ್ದೀರಮ್ಮಾ?" ಎಂದರೆ ಪಕ್ಕದಲ್ಲಿ ನಿಂತ ಮಗನೇ ಉತ್ತರ ಕೊಡುವುದು ನಮ್ಮಲ್ಲಿ ಮಾಮೂಲು. ಎಷ್ಟು ದೂರ ನಡೆಯುತ್ತಾರೆ ಎಂಬಂಥ ಕಣ್ಣಿಗೆ ಕಾಣುವ ಸಂಗತಿಯನ್ನು ಮನೆಯವರು ಸುಮಾರಾಗಿ ಸರಿಯಾಗಿಯೇ ಹೇಳುತ್ತಾರೆ. ನೋವು, ಬೇಸರ, ಭಯದ ವಿಷಯದಲ್ಲಿ ಅವರ ಅಂದಾಜು ತಪ್ಪುತ್ತದೆ. ಎಷ್ಟೋ ಸಲ ರೋಗಿಯೇ ಹೇಳುವುದಕ್ಕಿಂತ ಕೆಟ್ಟದಾಗಿದೆ ಎಂದುಕೊಂಡಿರುತ್ತಾರೆ. ಓದಲು ಬಾರದ ಅಮ್ಮನಿಗೆ ಪ್ರಶ್ನೆಯನ್ನು ಓದಿ ಹೇಳಲಿ, ಉತ್ತರ ಅಮ್ಮನ ಬಾಯಿಂದಲೇ ಬರಲಿ.